ಭರಣಿ ಅಲ್ಲಾಡಬಾರದು

ರುಸ್ತಾವಿಯ ಉಕ್ಕಿನ ಕಾರ್ಖಾನೆಯ ಬೆನ್ನಿಗೆ
ತಗಡಿನ ಗ್ಯಾರೇಜುಗಳ ಸಾಲು.
ನಲವತ್ತೊಂದನೆಯದು ನನ್ನದು. ನನ್ನದೆಂದರೆ
ಬಾಡಿಗೆ ಕೊಟ್ಟ ತಿಂಗಳು ಮಾತ್ರ ನನ್ನದು.

ಬೀಗದಕೈ ಕೊಡುವಾಗ ಒಡತಿ ನಾನುಲಿ
ಒಂದೇ ಷರತ್ತು ಹಾಕಿದಳು:
ಹಿಂಗೋಡೆಯ ಹಲಗೆ ಮೇಲೆ ನನ್ನ ಉಪ್ಪಿನಕಾಯಿ,
ಇಪ್ಪತ್ತಾರು ಭರಣಿ, ಗಾಜಿನವು.
ನೀನು ಬಡಿ, ಕೊಯ್ಯಿ, ಸುಡು, ಏನಾದರೂ ಮಾಡಿಕೋ.
ಭರಣಿ ಅಲ್ಲಾಡಬಾರದು.

ನಡುರಾತ್ರಿ ಕಳೆದ ಮೂರಕ್ಕೆ ನಾನು
ಹರವಿಯಂಥ ಒಲೆಯೊಳಗೆ ಸೊಂಟದವರೆಗೆ ಬಗ್ಗಿ
ಒಲೆಯ ಗೋಡೆಗೆ ರೊಟ್ಟಿ ಬಡಿಯುವವನು.
ಹನ್ನೊಂದಕ್ಕೆ ಬರುತ್ತೇನೆ ಇಲ್ಲಿಗೆ,
ಮೊಣಕೈವರೆಗೆ ಹಿಟ್ಟು. ಹೋಗುವಾಗ
ಮೊಣಕೈವರೆಗೆ ಮಸಿ.
ನಿನ್ನ ಅಂಗಿ ಒಗೆಯಲೋ ನಿನ್ನನ್ನೇ ಒಗೆಯಲೋ
ಅನ್ನುತ್ತಾಳೆ ಇಯಾ.

ಎಂಜಿನ್ನು ಯುರಾಲಿನದು,
ಗರ್ದಾಬಾನಿಯ ಒಂದು ಕೋಳಿಗೂಡಲ್ಲಿ ಸಿಕ್ಕಿತು.
ಎಡಕ್ಕೊಂದು ಬಲಕ್ಕೊಂದು ಸಿಲಿಂಡರು ಚಾಚಿ
ಸೊಂಟಕ್ಕೆ ಕೈಯಿಟ್ಟ ಜಗಳಗಂಟಿಯ ಹಾಗೆ ಕೂತಿತ್ತು.
ಮೂರು ಸಲ ತೊಳೆದರೂ ಕಾರ್ಬುರೇಟರಿನಿಂದ
ಪುಕ್ಕ ಬರುತ್ತಲೇ ಇತ್ತು.
ಟ್ಯಾಂಕು ಜಾವಾದ್ದು, ಪಕ್ಕೆಯಲ್ಲೊಂದು ನೆಗ್ಗು,
ಯಾರದೋ ಮೊಣಕಾಲಿನ ಗುರುತು.
ಕಣ್ಣು, ಟ್ರ್ಯಾಕ್ಟರಿನದು.
ಮುಚ್ಚಿಹೋದ ಸಿನೆಮಾ ಮಂದಿರದ ಕುರ್ಚಿ ಬಿಚ್ಚಿ
ಸೀಟಿಗೆ ಚರ್ಮ ತಂದೆ,
ಹದಿನೇಳು ಎಂಬ ನಂಬರು ಇನ್ನೂ ಅದರ ಮೇಲಿದೆ.
ಚೌಕಟ್ಟು ಮಾತ್ರ ಯಾರದೂ ಅಲ್ಲ, ನನ್ನದು:
ಕೊಳವೆಗೆ ಮರಳು ತುಂಬಿ, ಕೆಂಪಗೆ ಕಾಸಿ,
ಉಸಿರು ಹಿಡಿದು ಬಗ್ಗಿಸಿದ್ದು.

ತಿಂಗಳ ಕೊನೆಗೆ ನಾನುಲಿ ಬಂದಳು,
ಬಾಡಿಗೆಗೆ ಪರ್ಸು, ಭರಣಿಗೆ ಕೈಚೀಲ.
ಜೊಂಜೊಲಿ ಮೊಗ್ಗಿನ ಭರಣಿ ಇಳಿಸಿಕೊಂಡವಳು
ಹೊರಡುವ ಬದಲು ಕನ್ನಡಕ ಹಣೆಗೇರಿಸಿ,
ಚೌಕಟ್ಟಿನ ಕುತ್ತಿಗೆಯ ಬೆಸುಗೆಯ ಮೇಲೆ
ಹೆಬ್ಬೆರಳು ಓಡಿಸಿದಳು
ಕಾಳಿನಲ್ಲಿ ಕಲ್ಲು ಹುಡುಕುವ ಹಾಗೆ.

ಇಲ್ಲಿ ನಿನಗೆ ಅವಸರವಿತ್ತು, ಅಂದಳು.

ಇತ್ತು. ಅವತ್ತು ಮಗಳಿಗೆ ಜ್ವರ,
ಇಯಾ ಎರಡು ಸಲ ಫೋನು ಮಾಡಿದ್ದಳು.
ಅದನ್ನು ನಾನು ಹೇಳಲಿಲ್ಲ. ಬೆಸುಗೆ ಹೇಳಿಬಿಟ್ಟಿತ್ತು.

ಕೊಳವೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷ
ಮುಖಕ್ಕೆ ಕಪ್ಪು ಗಾಜು ಹಿಡಿದವಳು ನಾನು, ಅಂದಳು.
ಕೊಯ್ಯಿ ಇದನ್ನು.

ಕೊಯ್ದೆ. ಅವಳು ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿ,
ನನ್ನ ಮುಖವಾಡ ಕಿತ್ತುಕೊಂಡಳು.
ನಾನು ಬೆನ್ನು ತಿರುಗಿಸಿ ಹಲಗೆ ನೋಡುತ್ತ ನಿಂತೆ:
ಆ ಬೆಳಕಿಗೆ ಇಪ್ಪತ್ತೈದು ಭರಣಿಯ
ಮೆಣಸು, ಬೆಳ್ಳುಳ್ಳಿ, ಹಸಿ ಟೊಮ್ಯಾಟೊ
ನೀಲಿಯಾಗಿ ಎದ್ದವು, ಆರಿದವು, ಎದ್ದವು.
ಮೂರು ವಾರ ನಾನು ಹೆಣಗಿದ ಜಾಗ
ಒಂದು ಸಿಗರೇಟು ಮುಗಿಯುವಷ್ಟರಲ್ಲಿ ಮುಗಿದಿತ್ತು.
ಬಿಗಿಯಾಗಿ ಹೆಣೆದ ಜಡೆಯ ಹಾಗೆ
ಸಾಲು ಕೂತಿತ್ತು ಬೆಸುಗೆ.

ಬಾಡಿಗೆಯಲ್ಲಿ ಒಂದು ಕಾಸೂ ಬಿಡಲಿಲ್ಲ.

ನವೆಂಬರಿನ ಒಂದು ಭಾನುವಾರ. ಪಕ್ಕದ ಗ್ಯಾರೇಜಿನ ವಾಜಿಕೋ
ಪಗಡೆಯ ದಾಳ ಕೈಯಲ್ಲೇ ಹಿಡಿದು ಬಂದು ನಿಂತ.
ಒದ್ದೆ. ಕೆಮ್ಮಿತು. ಒದ್ದೆ.
ಹದಿಮೂರು ಒದೆತಕ್ಕೆ ಬಾಯಿ ಬಿಡದ್ದು
ಹದಿನಾಲ್ಕಕ್ಕೆ ಒಮ್ಮೆಲೇ ಹರಿಯಿತು:
ತಗಡು ನಡುಗಿ, ಮಾಡಿನ ತುಕ್ಕು ತಲೆಗೆ ಉದುರಿ,
ಭರಣಿಗಳೆಲ್ಲ ಒಟ್ಟಿಗೆ ಹಲ್ಲು ಕಡಿದವು.
ನಾನುಲಿ ಓಡಿ ಬಂದಳು.
ಎರಡನ್ನು ಎದೆಗೆ ಅವಚಿಕೊಂಡು
ಮೂರನೆಯದನ್ನು ಮೊಣಕೈಯಿಂದ ಒತ್ತಿ
ಏನೋ ಕೂಗಿದಳು. ಮತ್ತೆ ಕೂಗಿದಳು.
ಬಯ್ಗುಳವೆಂದೇ ತಿಳಿದು ಆರಿಸಲು ಹೋದೆ,
ವಾಜಿಕೋ ಕೈ ಹಿಡಿದು ಕಿವಿಯಲ್ಲಿ ಕಿರುಚಿದ:
ಇನ್ನಷ್ಟು ಕೊಡು ಅನ್ನುತ್ತಿದ್ದಾಳೆ ಕಣೋ!

ಕೊಟ್ಟೆ.

ಎಡದ ಸಿಲಿಂಡರಿನಿಂದ ಎಣ್ಣೆ ಇನ್ನೂ ಜಿನುಗುತ್ತದೆ.
ಕೆಳಗೆ ಇಟ್ಟಿದ್ದೇನೆ
ಅವಳೇ ಕೊಟ್ಟ ಒಂದು ಖಾಲಿ ಭರಣಿ.