ಆಷಾಢದಲ್ಲಿ ಛತ್ರ ಅಗ್ಗ

ಮದುವೆಯಿಲ್ಲದ ತಿಂಗಳು. ಅದಕ್ಕೇ ಸಿಕ್ಕಿತು
ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಈ ಛತ್ರ
ಅರ್ಧ ಬಾಡಿಗೆಗೆ, ಎರಡು ದಿನ.
ವೇದಿಕೆಯ ಮೇಲೆ ಇನ್ನೂ ಯಾರದೋ ಮದುವೆಯ
ಥರ್ಮೋಕೋಲ್ ಅಕ್ಷರಗಳು.
ಹೆಸರೆರಡೂ ಉದುರಿ 'ವೆಡ್ಸ್' ಒಂದೇ ಉಳಿದಿದೆ.
ಅದರ ಕೆಳಗೆ ಹನ್ನೊಂದು ಊಟದ ಮೇಜು,
ಉದ್ದಕ್ಕೂ ಹಾಸಿದ ಪೇಪರ್ ರೋಲು,
ಎಲೆ ಹಾಕುವ ಜಾಗದಲ್ಲಿ
ಪೆನ್ಸಿಲಿನಲ್ಲಿ ಬರೆದ ಗುಹೆ, ಸೇತುವೆ, ಕೋಟೆ.

ಹೆಸರು ಬರೆದುಕೊಳ್ಳುವ ಹುಡುಗ ಕೇಳಿದ:
"ಏನ್ ಮಾಡ್ತೀರಾ ಮೇಡಂ?"
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ,
ತೂಕ ಬರೆಯೋದು, ಹದಿನೇಳು ವರ್ಷ, ಎಂದೆ.
"ಅದಲ್ಲ. ಆಟದಲ್ಲಿ."
ಓ. "ಕಳ್ಳಿ," ಎಂದೆ.
ಹಿಂದೆ ನಿಂತಿದ್ದ ತಾತ
ಕೈಚೀಲವನ್ನು ಬಗಲಿಗೆ ಎಳೆದುಕೊಂಡರು.

ಎರಡು ವರ್ಷ ಬರೀ ದನಿಗಳ ಜೊತೆ ಆಡಿದ್ದೆ,
ರಾತ್ರಿ ಪಾತ್ರೆ ತೊಳೆದ ಮೇಲೆ, ಇಯರ್‌ಫೋನಿನಲ್ಲಿ.
ಈಗ ದನಿಗಳಿಗೆ ಮುಖ ಬಂದಿವೆ,
ಒಂದೂ ಹೊಂದುತ್ತಿಲ್ಲ.
ನಮ್ಮನ್ನು ಮೂರು ಸಲ ನುಂಗಿದ ರಾಕ್ಷಸ
ಇಷ್ಟೇ ಇಷ್ಟು ಹುಡುಗಿ, ಗುಲ್ನಾಜ್,
ದುಪಟ್ಟಾದ ತುದಿಯಲ್ಲಿ ಎರೇಸರ್ ಪುಡಿ ಒರೆಸುತ್ತಾಳೆ.
ಸಿಡಿಲು ಎಸೆಯುವ ಮಂತ್ರವಾದಿ
ಗೌರಿಬಿದನೂರಿನ ಲೈನ್‌ಮನ್ ಬೈಯಣ್ಣ;
ಫ್ಯೂಸ್ ತೆಗೆದಿದ್ದರೂ ತಂತಿ ಮುಟ್ಟಲು ಅಂಜುವ ಮನುಷ್ಯ.
ಚಿಂತಾಮಣಿ ಆಸ್ಪತ್ರೆಯ ಸುಗುಣಮಣಿ ಸಿಸ್ಟರ್
ಕೊಡಲಿ ಹಿಡಿದು ಕೂತುಬಿಟ್ಟರು:
"ಇವತ್ತು ಯಾರಿಗೂ ಬ್ಯಾಂಡೇಜ್ ಕಟ್ಟಲ್ಲ. ಸಾಯೋರು ಸಾಯಿರಿ."
ಮೊಮ್ಮಗನನ್ನು ಬಿಟ್ಟು ಹೋಗಲು ಬಂದ ಆ ತಾತ,
ಪಿಳ್ಳಾಂಜಿನಪ್ಪ, ಹೋಗಲೇ ಇಲ್ಲ.
ಪಗಡೆಗೆ ನಾಲ್ಕು ಮುಖ ಸಾಕಾಗಿತ್ತಲ್ಲ,
ಇದಕ್ಯಾಕೆ ಇಪ್ಪತ್ತು, ಎಂದು ಗೊಣಗುತ್ತಲೇ
ಕುರ್ಚಿ ಎಳೆದುಕೊಂಡರು.

ಮಧ್ಯಾಹ್ನ ಹುರುಳಿಕಟ್ಟಿನ ಸಾರು.
ಬಡಿಸುವವಳು ಸೌಟು ಎತ್ತಿ ಹಿಡಿದು:
"ಮುದ್ದೆ ಮುಗೀತು, ಅನ್ನ ಐತೆ. ಏನ್ ಮಾಡ್ತೀರಾ?"
ಬೈಯಣ್ಣ ಜೇಬಿನಿಂದ ದಾಳ ತೆಗೆದು
ಎಲೆಯ ಪಕ್ಕ ಉರುಳಿಸಿದರು.
ಹದಿನೆಂಟು. ಎಲ್ಲಿಂದಲೋ ಅರ್ಧ ಮುದ್ದೆ ಬಂತು.

ಸಂಜೆ ನಾಲ್ಕೂವರೆ. ಬೆಟ್ಟದ ಹೊಟ್ಟೆಯೊಳಗೆ ಐದು ಜನ.
ಪಂಜು ಆರಿದೆ. ಗುಲ್ನಾಜ್ ದನಿ ತಗ್ಗಿಸಿದಳು:
ಬಾಗಿಲು ಅರೆ ತೆರೆದಿದೆ. ಒಳಗೆ ಏನೋ
ಉಸಿರಾಡುತ್ತಿದೆ, ನಿಮಗಿಂತ ನಿಧಾನ.
"ಏನ್ ಮಾಡ್ತೀರಾ?"
ನನ್ನನ್ನೇ ನೋಡುತ್ತಿದ್ದಳು. ಕಾದಳು.

ಈ ಮಾತನ್ನು ನನಗೆ ಎಷ್ಟು ಜನ ಕೇಳಿಲ್ಲ!
ಕೇಳಿದವರೇ ಉತ್ತರವನ್ನೂ ಹೇಳಿ
ಎದ್ದು ಹೋಗಿದ್ದಾರೆ.
ಹೀಗೆ ಪೆನ್ಸಿಲ್ ಕೆಳಗಿಟ್ಟು
ಯಾರೂ ಕಾದದ್ದಿಲ್ಲ.
ಮೇಲೆ ಫ್ಯಾನು ಕಿರಗುಟ್ಟುತ್ತಿತ್ತು.
"ನಾನೊಬ್ಬಳೇ ಒಳಗೆ ಹೋಗ್ತೀನಿ," ಎಂದೆ.

ದಾಳವನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ,
ಗೂಡನ್ನು ಅಲ್ಲಾಡಿಸುವ ಹಾಗೆ.
ಹುಳು ಒಳಗೆ ಗಟ್ಟಿಯಾಗಿದ್ದರೆ ಸದ್ದೇ ಹೇಳುತ್ತದೆ,
ಕೊಳೆತಿದ್ದರೆ ಮೌನ.
ದಾಳ ಏನೂ ಹೇಳಲಿಲ್ಲ.

ಒಂದು.

ಯಾರೂ ನಗಲಿಲ್ಲ. ಪಕ್ಕದ ಮೇಜಿನವರೂ
ಎದ್ದು ಬಂದು ಬಗ್ಗಿ ನೋಡಿದರು,
ಅಪಘಾತವಾದಲ್ಲಿ ನೋಡುವ ಹಾಗೆ.
ಸುಗುಣಮಣಿ ಸಿಸ್ಟರ್ ಕೊಡಲಿ ಬಿಸುಟು
ನನ್ನ ಮಣಿಕಟ್ಟು ಹಿಡಿದರು, ನಿಜದ ಮಣಿಕಟ್ಟು,
ಅಭ್ಯಾಸ ನೋಡಿ, ನಾಡಿ ಎಣಿಸುತ್ತಿದ್ದರು.
ಪಿಳ್ಳಾಂಜಿನಪ್ಪ ಮಾತ್ರ, "ಹೋಗ್ಲಿ ಬಿಡಮ್ಮ,
ಬಾಗಿಲ ಹೊರಗೆ ಸತ್ತಿದ್ರೆ ಏನ್ ಚೆನ್ನ?"

ಕೊನೇ ಬಸ್ಸಿನಲ್ಲಿ ಕಿಟಕಿ ಸೀಟು.
ಹಳೇ ತೂಕದ ಚೀಟಿಯ ಬೆನ್ನ ಮೇಲೆ
ಹೊಸ ಪಾತ್ರ ಬರೆಯಲು ಕೂತೆ.
ಬಲ: ಒಂಬತ್ತು. ಚುರುಕು: ಹದಿನಾರು.
ಹೆಸರಿನ ಜಾಗ ಬಿಟ್ಟೆ, ರಸ್ತೆಯ ಕುಲುಕಿಗೆ
ಅಕ್ಷರ ನಿಲ್ಲುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಮಾರುಕಟ್ಟೆ.
ಹರಾಜು ಮೊಬೈಲಿಗೆ ಬಂದು ಎಷ್ಟು ಕಾಲವಾದರೂ
ಗುಲ್ನಾಜಳ ಅಪ್ಪ ಗೂಡನ್ನು
ಕಿವಿಗೆ ಹಿಡಿದು ಅಲ್ಲಾಡಿಸದೆ ಕೊಳ್ಳುವವರಲ್ಲ.
ನನ್ನ ಕಡೆ ನೋಡಿ ಎಂದಿನಂತೆ ತಲೆಯಾಡಿಸಿದರು.
ಅರವತ್ತೆರಡು ಕೆಜಿ ಇನ್ನೂರು ಗ್ರಾಂ, ಬರೆದೆ.
ಪಾಪ, ಗೊತ್ತಿಲ್ಲ ಅವರಿಗೆ,
ಮೊನ್ನೆ ಅವರ ಮಗಳು ನನ್ನನ್ನು ಕೊಂದದ್ದು.