ಬೀಡು

ಕ್ಯಾಂಪಿನ ಶಸ್ತ್ರಕೋಠಿಯಲ್ಲಿ ದಾವಲಸಾಬ ಕಾಕಾ
ಗೋಣಿತಾಟಿನ ಮೇಲೆ ಎರಡು ಬಂದೂಕು ಹಾಸಿದ.
"ಸೋತ ಜಪಾನಕ್ಕ ಕಾವಲಿಗೆ ಹೋಗಿದ್ದ ಪಲಟಣ
ತಂದಿದ್ದಂತ. ಗಾಜಿನ ಪೆಟಗ್ಯಾಗ ಇಡ್ತಾರ.
ನೀ ಫೌಂಡ್ರಿಯಾಕಿ, ಕಬ್ಬಿಣದ ನಾಡಿ ಗೊತ್ತು ನಿನಗ.
ಹೇಳು, ಇದರಾಗ ನಂಬಿಗಸ್ತ ಯಾವುದು?"

ಒಂದು, ನೋಡಿದರೆ ಅಳು ಬರುವಂಥದ್ದು.
ಲೇಥಿನ ಗೆರೆ ಹಾಗೇ ಉಳಿದು ಬೆರಳಿಗೆ ಹತ್ತುತ್ತವೆ.
ಹಿಮ್ಮಡಕ್ಕೆ ಉಕ್ಕಿನ ತಗಡಿಲ್ಲ,
ಹಲಗೆಯ ತುಂಡು, ಮೂರು ಮೊಳೆ.
ಗುರಿಕಣ್ಣು ಒಂದೇ ತೂತು, ಏರದು, ಇಳಿಯದು.
ನೆತ್ತಿಯ ಮೇಲೆ ಸೇವಂತಿಗೆ ಇತ್ತಂತೆ, ದೊರೆಯ ಮುದ್ರೆ;
ಒಪ್ಪಿಸುವ ಮುನ್ನ ಅರದಿಂದ ತಿಕ್ಕಿದ್ದಾರೆ.
ಎರಡೆಸಳು ಉಳಿದಿವೆ. ಅವಸರದ ಕೈ.

ಇನ್ನೊಂದು ನೀಟು. ಕಪ್ಪು ಬಣ್ಣ, ನುಣುಪು ಮರ,
ಮದುವೆಗೆ ಹೊರಟ ಹಾಗೆ.

ಸಣ್ಣ ಸುತ್ತಿಗೆ ನನ್ನ ಚೀಲದಲ್ಲೇ ಇರುತ್ತದೆ.
ಒರಟಿನ ಕೊರಳಿಗೆ ಮೆಲ್ಲಗೆ ತಟ್ಟಿದೆ.
ಟಣ್. ಕೋಣೆಯ ಮೂಲೆ ಮುಟ್ಟಿ ಬಂತು.
ನೀಟಿಗೆ ತಟ್ಟಿದೆ.
ದಪ್.
ಬಿರುಕುಬಿಟ್ಟ ಗಡಿಗೆ ಸುಳ್ಳು ಹೇಳಿದ ಹಾಗೆ.

"ಬೀಡು, ಕಾಕಾ. ಬರೇ ಎರಕದ ಬೀಡು.
ಸಾಲಿ ಹುಡುಗರ ಕವಾಯತಿಂದು ಇದು,
ಸದ್ದಿಗಷ್ಟ, ಗುಂಡಿಗಲ್ಲ."
"ಹಾಕಿದ್ರ?"
"ಮುಂದ ನಿಂತಾಂವ ಉಳಿತಾನ."

ಕಾಕಾ ನಗಲಿಲ್ಲ. ಒರಟಿನ ಬೆನ್ನಿನ ಗುಬ್ಬಿಯನ್ನು,
ಬೆಸುಗೆಯ ಗಂಟು ಹಾಗೇ ಉಳಿದ ಗುಬ್ಬಿಯನ್ನು,
ಅಂಗೈಯಿಂದ ಒತ್ತಿ ತಿರುವಿದ.
ಬಿಗಿಯಾಯಿತು. ಇಷ್ಟು ವರ್ಷದ ಮೇಲೂ.

ಪಕ್ಕದಲ್ಲಿ ಅಕ್ಕಿಕಾಳಿನಷ್ಟು ತಪಾಸಣೆಯ ಗುರುತು.
ಆ ಲಿಪಿ ನನಗೆ ಬಾರದು, ಆ ಕೈ ಗೊತ್ತು:
ಮೇಲೆ ಬಾಂಬು, ಕೆಳಗೆ ಎಣ್ಣೆಯಿಲ್ಲದ ಯಂತ್ರ,
ಇವತ್ತಿನ ನೂರು ಇವತ್ತೇ ಹೋಗಬೇಕು.
ಅವನು, ಅಥವಾ ಅವಳು
(ಗಂಡಸರು ಆಗ ಎಲ್ಲಿ ಉಳಿದಿದ್ದರು),
ಪಾಲಿಶು ಬಿಟ್ಟಳು, ಅಂದ ಬಿಟ್ಟಳು, ಗುರಿಯನ್ನೂ ಬಿಟ್ಟಳು,
ಬೋಲ್ಟಿನ ಹಲ್ಲು ಕಚ್ಚುವ ಜಾಗವನ್ನು ಮಾತ್ರ
ಬಿಡಲಿಲ್ಲ.

ಮಾರ್ಚ್ ಮೂವತ್ತೊಂದರ ರಾತ್ರಿ, ಉದ್ಯಮಬಾಗ.
ನಲವತ್ತು ಬ್ರೇಕ್ ಡ್ರಮ್ಮು, ಗೇಟಿನಲ್ಲಿ ಲಾರಿಯ ಹಾರ್ನು,
ಶೇಠಜಿಯ ನಾಲ್ಕನೇ ಫೋನು.
ಹನ್ನೊಂದರ ದನಿ ಸರಿಯಿರಲಿಲ್ಲ.
ಬಣ್ಣ ಚೆನ್ನಾಗಿತ್ತು.
ಮುದ್ರೆ ಒತ್ತಿದೆ.

"ಬರಿಯವಾ, ಗಾಜಿಗೆ ಏನಂತ ಚೀಟಿ ಅಂಟಸೂಣು?"
ನೀಟಿನದಕ್ಕೆ ಬರೆದೆ: ಹಾರಿಸಬಾರದು.
ಒರಟಿನದಕ್ಕೆ ಏನೂ ಹೊಳೆಯಲಿಲ್ಲ,
ಚೀಟಿಯ ಮೇಲೆ ಪೆನ್ನಿನ ಚುಕ್ಕೆ ಅಗಲವಾಗುತ್ತ ಹೋಯಿತು.

ಹೊರಗೆ ಖಾನಾಪುರ ರಸ್ತೆಯಲ್ಲಿ
ಯಾವುದೋ ಲಾರಿ ಬ್ರೇಕು ತುಳಿಯಿತು.
ನಿಂತಿತೋ ಇಲ್ಲವೋ,
ಕಾಕಾ ಆಗಲೇ ಬಾಗಿಲು ಎಳೆದಿದ್ದ.