ಒಂಬತ್ತು ಕಾಲಿನ ಗಾಜು

ಎರಡೂ ಕೈಯ ಬಳೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ
ನಾನು ಈ ಪೆಟ್ಟಿಗೆಯ ಹೊಟ್ಟೆಗೆ ಕೈಯಿಡುವುದು.
ಮುನ್ನೂರು ವೋಲ್ಟು ಯಾವೂರು ಎಂದು ಕೇಳುವುದಿಲ್ಲ.
ಎಡಗೈ ಬೆನ್ನ ಹಿಂದೆ: ಕಾಯ್ತಾನ್ ಮೇಸ್ತ್ರಿಯ ಮೊದಲ ಪಾಠ.
ಎರಡನೆಯದು, ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರನ್ನು ನಂಬಬೇಡ,
ಅದಕ್ಕೆ ನೆನಪು ಜಾಸ್ತಿ.

ವಾಸ್ಕೋದ ಖಾರೇವಾಡದಲ್ಲಿ ಐಸ್ ಫ್ಯಾಕ್ಟರಿಯ ಗೋಡೆಗೆ ಅಂಟಿದೆ ನನ್ನ ಅಂಗಡಿ.
ಎವಾರಿಸ್ತ್ ಬಂದದ್ದು ಸೋಮವಾರ,
ಕಂಕುಳಲ್ಲಿ ಖಾಲಿ ಅಲ್ಯುಮಿನಿಯಂ ಚಾಸಿ,
ಕಿಸೆಯಲ್ಲಿ ಕಾಲುಚೀಲದೊಳಗೆ ಸುತ್ತಿದ ಎರಡು ವಾಲ್ವು.
"ಬಾಯ್, ಶನಿವಾರ ಚಿಖ್ಲಿಯಲ್ಲಿ ಮದುವೆ.
ಗಿಟಾರು ಅಳಬೇಕು, ಕಿರುಚಬಾರದು."
ಅಳುವುದಕ್ಕೂ ಕಿರುಚುವುದಕ್ಕೂ ನಡುವೆ ಎಷ್ಟು ಓಮು ಎಂದು
ಯಾವ ಕೋಷ್ಟಕದಲ್ಲೂ ಬರೆದಿಲ್ಲ.

ರೊಟ್ಟಿ ಸುತ್ತಿದ್ದ ಕಾಗದದ ಮೇಲೆ ಗೆರೆ ಎಳೆದೆ.

ಗ್ರಿಡ್ಡಿನ ಬಾಗಿಲಿಗೆ ಅರವತ್ತೆಂಟು ಕೆ: ನೀಲಿ, ಬೂದಿ, ಕಿತ್ತಳೆ.
ಸಾಕೆಟ್ಟಿನ ಕಾಲಿಗೆ ಒತ್ತಿಯೇ ಕೂರಬೇಕು ಅದು,
ನಾಲ್ಕು ಬೆರಳು ದೂರವಾದರೂ
ಬಂದರಿನ ವೈರ್‌ಲೆಸ್ಸು ಕರೆಯದೆ ಮದುವೆಗೆ ಬರುತ್ತದೆ.
ಪ್ಲೇಟಿಗೆ ನೂರು ಕೆ. ಕ್ಯಾಥೋಡಿನ ಕೆಳಗೆ ಒಂದೂವರೆ,
ಕಂದು, ಹಸಿರು, ಕೆಂಪು, ಅವ್ವನ ಖಣದ ದಡಿಯ ಹಾಗೆ.
ಅದರ ಮಗ್ಗುಲಿಗೆ ದೊಡ್ಡ ಕೆಪಾಸಿಟರಿಟ್ಟರೆ ಮಂದ್ರ ಮೈಮೇಲೆ ಬೀಳುತ್ತದೆ;
ಸಣ್ಣದಿಟ್ಟೆ.
ಹೀಟರಿನ ತಂತಿಗಳೆರಡನ್ನೂ ಜಡೆ ಹೆಣೆದು ಮೂಲೆಗೆ ಒತ್ತಿದೆ,
ಒಂದರ ಗುಂಯ್ ಇನ್ನೊಂದು ನುಂಗಲಿ ಎಂದು.

ಮೊದಲ ಹಂತ ಹೇಳಿದ್ದನ್ನೆಲ್ಲ ತಲೆಕೆಳಗು ಮಾಡುತ್ತದೆ.
ಎರಡನೆಯದು ತಿರುಗಿ ನಿಲ್ಲಿಸುತ್ತದೆ.
ಅವನ ಕೊಂಕಣಿ ನನ್ನ ತಲೆಯೊಳಗೆ ಕನ್ನಡವಾಗಿ
ಬಾಯಿಂದ ಮತ್ತೆ ಕೊಂಕಣಿಯಾಗಿ ಹೊರಡುವ ಹಾಗೆ.
ನೆಟ್ಟಗೇನೋ ನಿಲ್ಲುತ್ತದೆ, ದೊಡ್ಡದೂ ಆಗಿರುತ್ತದೆ,
ಅದೇ ಮಾತಲ್ಲ.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ
ಗಾಜಿನೊಳಗೆ ಕೆಂಡ ಕಣ್ಣು ಬಿಟ್ಟಿತು.
ಪ್ಲೇಟಿನಲ್ಲಿ ಇನ್ನೂರು, ಕ್ಯಾಥೋಡಿನಲ್ಲಿ ಒಂದೂವರೆ. ಲೆಕ್ಕ ಸರಿ.
ಪೆನ್ಸಿಲ್ಲಿನಿಂದ ಮೊದಲ ವಾಲ್ವಿನ ತಲೆ ತಟ್ಟಿದೆ.
ಟಿಂಗ್ ಅಂದಿತು ಸ್ಪೀಕರು.
ಐಸಿನ ಲಾರಿ ಬಾಗಿಲು ಬಡಿಯಿತು, ಟಿಂಗ್.
ನಾನು ಕೆಮ್ಮಿದೆ, ಟಿಂಗ್.

"ಅರೇ, ಹೀ ತರ್ ಘಾಂಟಿ!"
ಅಂದವನೇ ನಾಲಿಗೆ ಕಚ್ಚಿಕೊಂಡ.

ಘಟ್ಟ ಇಳಿದು ಬಂದವರನ್ನು ಇಲ್ಲಿ ಹಾಗನ್ನುತ್ತಾರೆ.
ಅಪ್ಪ ರಸ್ತೆ ಅಗೆಯುವಾಗ ಅಂದಿದ್ದರು,
ನಾನು ಬಾಡಿಗೆಗೆ ಕೋಣೆ ಕೇಳುವಾಗ,
ಮೊನ್ನೆ ಮೀನಿನ ಸಾಲಿನಲ್ಲಿ, ಬಾಂಗಡೆ ಆರಿಸುವಾಗ.
"ನಮ್ಮ ಕಡೆ ಗಂಟಿ ಅಂದರೆ ಎತ್ತಿನ ಕೊರಳಲ್ಲಿರೋದು," ಅಂದೆ,
"ಅದು ಕೇಳಿಸಲಿಲ್ಲ ಅಂದರೆ ಎತ್ತು ಕಳೀತು ಅಂತ."

ಎವಾರಿಸ್ತ್ ಬೆವರೊರೆಸಿಕೊಂಡ. "ಬಿಸಾಕು ಬಾಯ್, ಬೇರೆ ತರಿಸೋಣ."

ಕೆಟ್ಟಿಲ್ಲ ಅದು.
ಒಳಗೆ ಯಾವುದೋ ತಗಡು ಚೂರು ಸಡಿಲ, ಅದಕ್ಕೇ ಎಲ್ಲ ಕೇಳಿಸುತ್ತದೆ.
ಮೊದಲ ಸಾಕೆಟ್ಟಿನಲ್ಲಿ ಕೂತು ಕೇಳಿದ್ದು ಮುಂದೆ ಮುಂದೆ ಬೆಳೆಯುತ್ತದೆ,
ಕೊನೆಯಲ್ಲಿ ಕೂತರೆ ಬೆಳೆಯಲು ಜಾಗವಿಲ್ಲ.
ಬಟ್ಟೆ ಹಿಡಿದು ಬಿಸಿಗಾಜು ಕಿತ್ತು ಅದಲುಬದಲು ಮಾಡಿದೆ.
ಜಾಗ ಬದಲಿಸಿದರೆ ಸರಿಹೋಗುತ್ತದೆ ಎನ್ನುವುದು
ವಾಲ್ವಿನ ಮಟ್ಟಿಗೆ ನಿಜ.

ಅವನು ಒಂದು ತಂತಿ ಮೀಟಿದ.
ಸ್ವರ ದುಂಡಗೆ ಹೊರಟು, ತುದಿಯಲ್ಲಿ
ಒಗೆದೊಗೆದು ತೆಳುವಾದ ಸೀರೆ ಪಿಸಿದ ಹಾಗೆ ಪಿಸಿಯಿತು.
ಮತ್ತೆ ಮೀಟಿದ. ಮಾತಾಡಲಿಲ್ಲ.

ದುಡ್ಡು ಎಣಿಸಿಕೊಂಡು, ಗಂಟು ಬಿಚ್ಚಿ
ಬಳೆ ಏರಿಸಿಕೊಂಡೆ.
ಸ್ಪೀಕರಿನ ತಳದಿಂದ, ತೀರಾ ಸಣ್ಣಗೆ,
ಅದೇ ಸದ್ದು ಮರಳಿ ಬಂತು.
ಎವಾರಿಸ್ತ್ ನನ್ನ ಮುಖ ನೋಡಿದ.

"ಇರಲಿ ಬಿಡು," ಅಂದೆ,
"ಮದುವೆ ಗದ್ದಲದಲ್ಲಿ ಯಾರಿಗೆ ಕೇಳಿಸುತ್ತದೆ."